ಎಲ್ಲರೂ ನಗುತ್ತಾರೆ
ಏಳು ಗಂಡಂದಿರ ಹಸಿರು ಹೆಂಗಸು, ಸೊಂಟದಲ್ಲಿ ಚಡ್ಡಿ ನಿಲ್ಲದ ರೋಬೋ, ಗಗನನೌಕೆಯ ತುಂಬ ಪೋಲಿ ಮಾತು. ಇಂಥ ಧಾರಾವಾಹಿಯ ಡಿವಿಡಿಗೆ ಕನ್ನಡ ಸಬ್‌ಟೈಟಲ್ ಬರೆಯುವ ಶೂರ ನಾನು; ಪೋಲಿ ಮಾತು ಬಂದಲ್ಲೆಲ್ಲ ನಾಚಿ, 'ಎಲ್ಲರೂ ನಗುತ್ತಾರೆ' ಎಂದಷ್ಟೇ ಬರೆದು ಜಾರಿಕೊಳ್ಳುವವನೂ ನಾನೇ. ನನ್ನ ಕೆಲಸ ಕಾಯಂ ಆಗಬೇಕಾದರೆ ಸಬ್‌ಟೈಟಲ್ ತಪಾಸಣೆಗಾರರ ಸಹಿ ಬೇಕು. ಅವರೋ, ರೋಬೋ ಚಡ್ಡಿ ಜಾರಿದರೂ ಸಾವಿನ ಮನೆಗೆ ಬಂದವರಂತೆ ಕೂರುತ್ತಾರೆ. ಟೀವಿಯ ಧ್ವನಿ ಸದಾ ಸೊನ್ನೆ. ಶಿಸ್ತೆಂದರೆ ಅದು ಎಂದುಕೊಂಡಿದ್ದೆವು. ಕಿವಿಯ ಮೇಲಿನ ಪೆನ್ಸಿಲ್ ಕೆಳಗಿಳಿದರೆ ಯಾರದೋ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಅವರು ನಕ್ಕರೆ ಗೋಡೆ ಬಿರುಕು ಬಿಡುತ್ತದೆಂಬುದು ಪ್ಯಾಕಿಂಗಿನವರ ನಂಬಿಕೆ. ಇವತ್ತು ನನ್ನ ಡಿವಿಡಿಗೆ ಪೆನ್ಸಿಲ್ ಹದಿನಾಲ್ಕು ಸಲ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ನನ್ನ ಅಂಗಿ ಬೆನ್ನಿಗಂಟಿತು. "ಬಾಪ್ಪಾ ಇಲ್ಲಿ. ಎಲ್ಲರೂ ನಗುತ್ತಾರೆ ಅಂತೀಯ, ಯಾಕೆ ನಗ್ತಾರೆ ಅಂತ ಎಲ್ಲಿ ಬರ್ದಿದ್ದೀಯ?" "ಸಾರ್, ಅದು... ಸ್ವಲ್ಪ ಅಸಹ್ಯ." ನನ್ನ ತುಟಿಯನ್ನೇ ದಿಟ್ಟಿಸುತ್ತಿದ್ದ ಅವರು ದನಿ ತಗ್ಗಿಸಿದರು. "ಕಿವಿ ಹೋಗಿ ಆರು ವರ್ಷ ಆಯ್ತು, ಯಾರಿಗೂ ಹೇಳ್ಬೇಡ. ಟೀವಿಲಿ ಅವರೆಲ್ಲ ನಗ್ತಿದ್ರೆ ನಾನೊಬ್ಬನೇ ಪೆದ್ದನ ಹಾಗೆ ಕೂತಿರ್ತೀನಲ್ಲೋ." ಮೊದಲನೆಯ ಪೋಲಿ ಮಾತನ್ನು ಹಾಗೇ ಬರೆದು ತೋರಿಸಿದೆ. ಅವರ ನಗು ಕೇಳಿ ಪ್ಯಾಕಿಂಗಿನವರೆಲ್ಲ ಗೋಡೆ ನೋಡಲು ಓಡಿಬಂದರು.