ಒಂದೇ ಕೈಯ ಸ್ಟೇರಿಂಗು

ಎಪ್ಪತ್ತರ ದಶಕದಲ್ಲಿ, ಔರಂಗಾಬಾದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬೀದರಿನ ಹೆಂಗಸಿಗೆ ಚಿಕ್ಕಂದಿನಿಂದಲೂ ಎಡಗೈ ಏಳುತ್ತಿರಲಿಲ್ಲ. ಅದನ್ನು ಸೆರಗಿನೊಳಗೆ ಇಟ್ಟುಕೊಂಡು, ಯಾರಾದರೂ ನೆರವಿಗೆ ಬಂದರೆ "ಇರ್ಲಿ ಬಿಡ್ರಿ, ನಾ ಮಾಡ್ತೀನಿ" ಅನ್ನುತ್ತಿದ್ದರು. ಅವರ ಮನೆಯ ಹಳೆಯ ಅಮೆರಿಕನ್ ಕಾರಿಗೆ ಪವರ್ ಸ್ಟೇರಿಂಗ್ ಇತ್ತು. ಗೇರು ತಾನಾಗಿಯೇ ಬೀಳುತ್ತಿದ್ದು, ಸ್ಟೇರಿಂಗು ಒಂದೇ ಕೈಗೆ ತಿರುಗುತ್ತಿದ್ದುದರಿಂದ ಅದನ್ನು ಅವರೇ ಓಡಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಸ್ಟೇರಿಂಗನ್ನು ಹಗುರ ಮಾಡುವ ಎಣ್ಣೆಯ ಪಂಪು ಕೆಟ್ಟು ಅದು ಕಲ್ಲಿನಂತಾಯಿತು. ಕಲಬುರಗಿ ಕಡೆಯ ಮಿಸ್ತ್ರಿ ಬಂದು ನೋಡಿದ.

"ಇದರ ಸಾಮಾನು ಸಿಗಂಗಿಲ್ರಿ ಅಕ್ಕಾರ. ಪಂಪು ಬಿಚ್ಚಿ ತಗೀತೀನಿ. ಜೋರ್ ಹಚ್ಚಿದ್ರ ತಿರಗ್ತದ."

"ಎಡಗೈ ತೊಡಿ ಮ್ಯಾಲ ಇಟ್ಕೊಂಡು ನೀವೇ ತಿರುವಿ ನೋಡ್ರಿ," ಎಂದರು ಅವರು.

ಮಿಸ್ತ್ರಿ ಹಾಗೇ ಕೂತು ಒದ್ದಾಡಿದ. ಸ್ಟೇರಿಂಗು ಅರ್ಧ ಸುತ್ತಿಗೇ ನಿಂತಿತು. ಇಳಿದು ಬಂದವನು, ಮುಂಬೈಯ ಗುಜರಿಯಲ್ಲಿ ಹುಡುಕಿಸುತ್ತೇನೆ ಎಂದ.

ಪಂಪು, ಪೈಪು ಸಿಕ್ಕಿ ಕೂಡಿಸಿದ ದಿನ, ಅವರು ನನ್ನನ್ನು ಪಕ್ಕದಲ್ಲೂ ಮಿಸ್ತ್ರಿಯನ್ನು ಹಿಂದೆಯೂ ಕೂರಿಸಿಕೊಂಡು ಖುಲ್ತಾಬಾದಿನ ಘಟ್ಟಕ್ಕೆ ಹೊರಟರು. ಮೊದಲ ತಿರುವಿನಲ್ಲಿ ಮಿಸ್ತ್ರಿ ನನ್ನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಂದಿನದರಲ್ಲಿ ಬಿಟ್ಟ. ಘಟ್ಟ ಏರಿ ಮುಗಿಯುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.