ಎದುರುಬದುರು ಬಾಗಿಲು

ವೇಯಿತಿರಿಯ ಕೆಸರನ್ನು ನೆನೆದು ಅಳುವವರೂ ಇದ್ದಾರಾ ಎಂದು ಕೇಳಬೇಡಿ, ಇದ್ದಾರೆ. ಅಕನಿಸಿ ಅಳುತ್ತಾಳೆ. ಫಿಜಿಯ ಸುವಾ ಪಟ್ಟಣದ ಅಂಚಿನಲ್ಲಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಕಂಬ ನೆಟ್ಟು, ಹಳೇ ತಗಡು ಹೊಡೆದು ಕಟ್ಟಿಕೊಂಡಿದ್ದ ಮನೆಗಳ ಕೇರಿ ಅದು. ಉಬ್ಬರದ ಹೊತ್ತಿಗೆ ಸಮುದ್ರ ಹೇಳದೆ ಕೇಳದೆ ಒಳಗೆ ನುಗ್ಗುತ್ತಿತ್ತು. ಈಗ ಅದೇ ಜಾಗದಲ್ಲಿ ನೆಲ ಎತ್ತರಿಸಿದ್ದಾರೆ, ಗೋಡೆ ಗಟ್ಟಿಯಾಗಿದೆ, ನಲ್ಲಿಯಲ್ಲಿ ನೀರು ಬರುತ್ತದೆ. ಇಷ್ಟೆಲ್ಲ ಅನುಭವಿಸಿಕೊಂಡು, ಕಾಲು ಚಾಚಿ ಕೂತು, ಹಳೇ ಹಲಗೆದಾರಿಯನ್ನು ನೆನೆದು ಮೂಗು ಒರೆಸಿಕೊಳ್ಳುತ್ತಾಳೆ. ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ, ಅವಕ್ಕೇನು ಗೊತ್ತು!

ಆ ಹಲಗೆದಾರಿ ಅಂದರೆ ಏನು ಸಾಮಾನ್ಯವೇ? ಎರಡೂ ಕಡೆ ಮನೆಸಾಲು, ನಡುವೆ ಕೆಸರಿನ ಮೇಲೆ ಹಾಸಿದ ಹಲಗೆ. ಪ್ರತಿ ಮನೆಯ ಮುಂದೆ ಅಡುಗೆಯ ಚಪ್ಪರ. ಉಣ್ಣುವ ಹೊತ್ತಲ್ಲಿ ದಾರಿಯಲ್ಲಿ ಯಾರೇ ಹೋಗಲಿ, "ಬಾ, ಉಣ್ಣು ಬಾ" ಎಂದು ಕೂಗಲೇಬೇಕು. ಕೂಗದಿದ್ದವರ ಮಾನ ಸಂಜೆಯೊಳಗೆ ಮೂರು ಕಾಸಿಗೆ ಹರಾಜು. ಅಕನಿಸಿಯ ಒಲೆಗೆ ಸರಿಯಾಗಿ ಎದುರು ಸುಖ್‌ದೇಯಿಯ ಒಲೆ. ಕಬ್ಬಿನ ತೋಟದ ಕೂಲಿಗೆಂದು ಬಂದ ಹಿಂದೂಸ್ತಾನದವರ ಮರಿಮಗಳು ಅವಳು. ಅಕನಿಸಿಗೆ ಡೆಂಗ್ಯೂ ಬಂದು ಮಲಗಿದ್ದಾಗ ಅವಳ ಹಸುಗೂಸಿಗೆ ತನ್ನ ಮಗುವಿನ ಜೊತೆಗೇ ಹಾಲೂಡಿದವಳು, ಅವಳನ್ನು ಅಕಾ ಎಂದು ಕರೆಯುವವಳು.

"ಅಕಾ, ಮರಗೆಣಸು ಇನ್ನೂ ಬೇಯ್ತಾನೇ ಇದೆಯಾ? ಅದಕ್ಕೂ ನಿನ್ನ ಸೋಮಾರಿತನ ಅಂಟ್ಕೊಂಡಿತಾ?"

"ನಿನ್ನ ರೊಟ್ಟಿ ನೋಡ್ಕೊಳ್ಳೇ, ಫಿಜಿ ನಕ್ಷೆ ಆಗಿದೆ. ಒಂದೊಂದು ದ್ವೀಪ ಒಂದೊಂದು ಕಡೆ!"

ಬೆಳಗಿನಿಂದ ಸಂಜೆತನಕ ಇದೇ. ಬಡತನವಿತ್ತು, ಸೊಳ್ಳೆಯಿತ್ತು, ಆದರೆ ಬಾಯಿ ಮುಚ್ಚಿಕೊಂಡು ಕೂರುವ ಕರ್ಮ ಮಾತ್ರ ಯಾರಿಗೂ ಇರಲಿಲ್ಲ.

ಒಂದು ವರ್ಷ ವಸತಿ ಕಚೇರಿಯವರು ಬಂದರು. ಯಾರನ್ನೂ ಎಬ್ಬಿಸುವುದಿಲ್ಲ, ಇದೇ ಜಾಗದಲ್ಲಿ ಇದೇ ಸಂಸಾರಗಳಿಗೆ ಮನೆ ಕಟ್ಟಿಕೊಡುತ್ತೇವೆ ಎಂದರು. ಬಂದದ್ದೂ ಮರ್ಯಾದೆಯಿಂದಲೇ, ಅರೆದು ನೀರಲ್ಲಿ ಕಲೆಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು ಹಿಡಿದುಕೊಂಡು. ಅದನ್ನು ಊರಹಿರಿಯನ ಮುಂದಿಟ್ಟು ಬೇಡಿಕೆ ಹೇಳಬೇಕು. ಹಿರಿಯ ಕಟ್ಟನ್ನು ಮುಟ್ಟಿ ತೆಗೆದುಕೊಂಡನೋ, ಬೇಡಿಕೆಗೆ ಒಪ್ಪಿದ ಹಾಗೆ. ಹಿರಿಯ ಅಂದರೆ ವಿಲಿಯಾಮೆ, ಅಕನಿಸಿಯ ಸೋದರಮಾವ. ಬಂದರಿನಲ್ಲಿ ಮೂಟೆ ಹೊತ್ತು, ತಬ್ಬಲಿಯಾದ ತಂಗಿಮಗಳನ್ನು ಸಾಕಿದವನು. ಅವನು ಕೆಮ್ಮಿದರೆ ಇಡೀ ಸಾಲು ಸುಮ್ಮನಾಗುತ್ತಿತ್ತು. ಅವನು ಕಟ್ಟು ತೆಗೆದುಕೊಂಡ, ಪದ್ಧತಿಯಂತೆ ಬೊಗಸೆ ಮಾಡಿ ಚಪ್ಪಾಳೆ ತಟ್ಟಿದ, ಒಪ್ಪಿಗೆಯ ಮಾತಾಡಿದ. ಅವರ ಜೊತೆ ಬಂದಿದ್ದ ಹುಡುಗ ನಕ್ಷೆಯನ್ನು ಚಾಪೆಯ ಮೇಲೆ ಬಿಡಿಸಿದ್ದು ಆಮೇಲೆ.

ಮೂರಂತಸ್ತಿನ ಕಟ್ಟಡಗಳು. ಒಲೆ ಒಳಗೆ. ಒಬ್ಬರ ಬಾಗಿಲು ಇನ್ನೊಬ್ಬರಿಗೆ ಕಾಣದು, ತೆರೆದರೆ ಎದುರಿಗೆ ಗೋಡೆ. ದೊಡ್ಡ ಸಂಸಾರಗಳು ಈ ಕೊನೆಯಲ್ಲಿ, ಸುಖ್‌ದೇಯಿಯಂಥ ಸಣ್ಣ ಸಂಸಾರಗಳು ಆ ಕೊನೆಯಲ್ಲಿ. ಹೆಂಗಸರಿಗೆ ಒಂದೂ ಹಿಡಿಸಲಿಲ್ಲ, ಆದರೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಮೊದಲು ನೋಡಿ ಆಮೇಲೆ ಒಪ್ಪುವುದು ಬೇರೆಯವರ ಬುದ್ಧಿ. ನಮ್ಮ ವೇಯಿತಿರಿಯಲ್ಲಿ ಬಂದವರಿಗೆ ಮೊದಲು ಗೌರವ. ಒಪ್ಪಿದ ಮೇಲೆ ಪ್ರಶ್ನೆ ಕೇಳಿದರೆ ಹಿರಿಯನ ಮುಖಕ್ಕೆ ಹೊಡೆದ ಹಾಗೆ.

ಸಂಜೆ ಸುಖ್‌ದೇಯಿ ಕೇಳಿದಳು. "ಗೋಡೆ ನೋಡ್ಕೊಂಡು ರೊಟ್ಟಿ ಲಟ್ಟಿಸ್ಬೇಕಾ ಅಕಾ ನಾನು? ಬೈದ್ರೆ ಗೋಡೆ ತಿರುಗಿ ಬೈಯುತ್ತಾ?" ಮಾತು ತಮಾಷೆಯದು, ಕಣ್ಣಲ್ಲಿ ನೀರು.

ಅಕನಿಸಿ ನೆಟ್ಟಗೆ ಮಾವನ ಮನೆಗೆ ಹೋದಳು. ಕೊಟ್ಟ ಒಪ್ಪಿಗೆ ಹಿಂತೆಗೆಯಲು ಒಂದೇ ದಾರಿ. ಕೊಟ್ಟವನೇ, ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಕಾಣಿಕೆಯಾದ ತಿಮಿಂಗಿಲದ ಹಲ್ಲು ಹಿಡಿದು ಹೋಗಿ, ನೆಲಕ್ಕೆ ಕೂತು, ತಪ್ಪಾಯಿತು ಎನ್ನಬೇಕು.

"ಮಾವ, ಆ ಮಾತು ವಾಪಸ್ ತಗೋ."

"ತಲೆ ಕೆಟ್ಟಿದೆಯೇನೇ? ಇಷ್ಟು ವರ್ಷ ಯಾರ ಮುಂದೂ ತಗ್ಗದ ತಲೆ ಇದು. ಆ ನಕ್ಷೆ ಹುಡುಗನ ಮುಂದೆ ತಗ್ಗಿಸ್ಲಾ? ಮನೆ ಬೇಡ್ವಾ ನಿಮಗೆ?"

"ಮನೆ ಬೇಕು. ಬಾಗಿಲು ಎದುರುಬದುರು ಬೇಕು."

"ಹೋಗ್ ಹೋಗೇ."

ನಮ್ಮಲ್ಲಿ ತಂಗಿಮಕ್ಕಳಿಗೆ ಒಂದು ಹಕ್ಕಿದೆ. ಸೋದರಮಾವನ ಹಂದಿಯಾಗಲಿ, ದೋಣಿಯಾಗಲಿ, ಬೇಕೆಂದರೆ ಬೇಕು; ಅವನು ಇಲ್ಲ ಎನ್ನುವ ಹಾಗಿಲ್ಲ. ಅವನ ಅನ್ನ ಉಂಡು ಬೆಳೆದ ಅಕನಿಸಿ ಆ ಹಕ್ಕನ್ನು ಒಮ್ಮೆಯೂ ಚಲಾಯಿಸಿರಲಿಲ್ಲ.

"ಇವತ್ತಿನವರೆಗೂ ನಿನ್ನ ಹತ್ರ ಒಂದು ಕೋಳೀನೂ ಕೇಳಿಲ್ಲ ಮಾವ. ಇವತ್ತು ತಂಗಿಮಗಳಾಗಿ ಕೇಳ್ತಿದ್ದೀನಿ. ನೀನು ಅವರಿಗೆ ಕೊಟ್ಟ ಮಾತು ನನಗೆ ಬೇಕು, ಕೊಡು."

ಮುದುಕನ ಮುಖ ಕಪ್ಪಿಟ್ಟಿತು. ಮಗ್ಗುಲು ತಿರುಗಿ ಮಲಗಿದ. ಅಕನಿಸಿ ಮನೆಗೆ ಬಂದು ತನಗೆ ತಾನೇ ಶಾಪ ಹಾಕಿಕೊಂಡಳು. ಹಲ್ಲು ಕಚ್ಚಿಕೊಂಡು ಗೋಡೆ ನೋಡಿಕೊಂಡೇ ಅಡುಗೆ ಮಾಡಬಹುದಿತ್ತು, ಸಾಕಿದವನ ಎದೆಗೆ ಒದೆಯುವುದು ಬೇಕಿತ್ತೇ ಎಂದು ಅತ್ತಳು.

ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಟು ಹಲಗೆಯ ಮೇಲೆ ನಿಂತಿದ್ದ. ಕೈಯಲ್ಲಿ ತನ್ನ ತಾಯಿಯ ಮದುವೆಗೆ ಬಂದಿದ್ದ ತಿಮಿಂಗಿಲದ ಹಲ್ಲು.

"ನಡಿ. ನಿಮ್ಮಮ್ಮನೂ ಹಿಂಗೇ, ಹಠಮಾರಿ ಮುಂಡೇದು."

ಕಚೇರಿಯಲ್ಲಿ ನಕ್ಷೆ ಮಾಡಿದ ಹುಡುಗ ಎಪೇಲಿ ಮೇಜಿನ ಹಿಂದಿದ್ದ. ವಿಲಿಯಾಮೆ ಕುರ್ಚಿ ಮುಟ್ಟದೆ ನೆಲಕ್ಕೆ ಕೂತ. ಎಪೇಲಿ ಪಟ್ಟಣದಲ್ಲಿ ಬೆಳೆದವನು, ಆದರೂ ನಮ್ಮವನೇ. ಗಾಬರಿಯಾಗಿ ಎದ್ದು ಬಂದು ಎದುರಿಗೆ ಕೂತ.

"ಮಗಾ," ಎಂದ ಮುದುಕ, "ನನ್ನದಲ್ಲದ್ದನ್ನ ನಾನು ಕೊಟ್ಬಿಟ್ಟೆ. ಆ ದಾರಿ ಹೆಂಗಸರದು. ಒಲೆ ಅವರದು, ಉಣ್ಣು ಬಾ ಅಂತ ಕರೆಯೋ ಬಾಯಿ ಅವರದು. ನಾನು ಅಲ್ಲಿ ಕೂತ್ಕೊಂಡು ತಿಂದವನು ಅಷ್ಟೇ. ಅವರನ್ನ ಒಂದು ಮಾತು ಕೇಳಲಿಲ್ಲ. ತಪ್ಪಾಯ್ತು." ಹಲ್ಲನ್ನು ಮುಂದೆ ಚಾಚಿದ, ತಲೆ ನೆಲದತ್ತ ಬಾಗಿತ್ತು. ಅಕನಿಸಿಗೆ ನೋಡಲಾಗಲಿಲ್ಲ.

ಎಪೇಲಿ ತಕ್ಷಣ ಕೈ ಚಾಚಲಿಲ್ಲ. ಹಲ್ಲು ಮುಟ್ಟಿದರೆ ಅವನೂ ಮಾತಿಗೆ ಕಟ್ಟುಬೀಳುತ್ತಾನೆ, ಮೇಲಿನವರಿಗೆ ಉತ್ತರ ಕೊಡಬೇಕು. ಕೊನೆಗೆ ಎರಡೂ ಕೈಯಲ್ಲಿ ತೆಗೆದುಕೊಂಡ.

"ನಿಮ್ಮ ಮಾತು ನಿಮಗೇ ವಾಪಸ್, ತಾತ. ನಕ್ಷೆ ನಾನು ಮತ್ತೆ ಬರೀತೀನಿ."

ಮೇಲಿನವರ ಹತ್ತಿರ ಬೈಸಿಕೊಂಡ, ಜಗಳವಾಡಿದ, ಪುಣ್ಯಾತ್ಮ. ಹಲಗೆಯ ಮೇಲೆ ಕೂತು, ಯಾರ ಬಾಗಿಲು ಯಾರಿಗೆ ಎದುರು ಎಂದು ಹೆಂಗಸರನ್ನೇ ಕೇಳಿದ. ಎರಡೇ ಅಂತಸ್ತು, ಮೆಟ್ಟಿಲು ಹೊರಗೆ, ನಡುವೆ ದಾರಿ, ಮುಂದೆ ಚಪ್ಪರ. ಸುಖ್‌ದೇಯಿ ಇವತ್ತಿಗೂ ಎದುರಿಗೇ ಕೂತು ಬೈಯುತ್ತಾಳೆ.

ಆದರೆ ಆ ದಿನದ ನಂತರ ವಿಲಿಯಾಮೆ ಸಭೆಯಲ್ಲಿ ಮುಂದೆ ಕೂರಲಿಲ್ಲ. ಬಾಗಿಲ ಹತ್ತಿರ, ಹುಡುಗರ ಸಾಲಿನಲ್ಲಿ ಕೂರುತ್ತಿದ್ದ. ಎಷ್ಟು ಕರೆದರೂ, "ಇಲ್ಲೇ ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದ. ಮನೆ ಕಟ್ಟುವವರೆಗೆಂದು ಗುಡ್ಡದ ಮೇಲೆ ಹಾಕಿಕೊಟ್ಟ ಶೆಡ್ಡಿನಲ್ಲೇ ಒಂದು ಮಳೆಗಾಲ, ಮನೆ ಮುಗಿಯುವ ಮೊದಲೇ ತೀರಿಕೊಂಡ.

ಈಗ ಬೇರೆ ದ್ವೀಪಗಳಿಂದಲೂ ಜನ ಈ ಸಾಲು ನೋಡಲು ಬರುತ್ತಾರೆ. ಬಾಗಿಲು ತಿರುಗಿಸಿದ ಹೆಂಗಸು ನೀವೇನಾ ಎಂದು ಯಾರಾದರೂ ಹೊಗಳಿದರೆ ಅಕನಿಸಿಗೆ ಎಲ್ಲಿಲ್ಲದ ಸಿಟ್ಟು.

"ನಾನಲ್ಲ, ನಮ್ಮ ಮಾವ," ಎನ್ನುತ್ತಾಳೆ. "ನಾನು ಅವನ ಮಾತು ಕಿತ್ಕೊಂಡೆ ಅಷ್ಟೇ. ಅವನು ಒಂದು ದಿನಾನೂ ಇಲ್ಲಿ ಕೂತು ಉಣ್ಣಲಿಲ್ಲ."