ರೇಡಿಯೋ ಹಾಡದ ಬೆಳಿಗ್ಗೆ

ಆ ಕಟ್ಟಡದ ಎರಡನೆಯ ಮಹಡಿಯ ಹುಡುಗಿಗೆ ರೇಡಿಯೋ ಎಂದು ಹೆಸರು ಬಿದ್ದು ಇಪ್ಪತ್ತು ವರ್ಷವಾಯಿತು. ದಿನಾ ಬೆಳಿಗ್ಗೆ ಆರೂವರೆಗೆ ಬಚ್ಚಲಿಗೆ ಹೋಗಿ ಅವಳು ಗಂಟಲು ಬಿಟ್ಟು ಹಾಡುತ್ತಾಳೆ. ದನಿ ಚೆನ್ನಾಗಿದೆ ಎಂದು ಇದುವರೆಗೆ ಯಾರೂ ಹೇಳಿಲ್ಲ. ಹೇಳಿದರೆ ಅದು ಶುದ್ಧ ಸುಳ್ಳು. ಆದರೂ ಮೇಲಿನ ಮನೆಯ ಲೆಕ್ಕದ ಮೇಷ್ಟ್ರು ಅವಳ ಎರಡನೆಯ ಹಾಡಿಗೆ ಷೂ ಹಾಕಿಕೊಳ್ಳುತ್ತಾರೆ. ಎದುರು ಮನೆಯ ಅತ್ತೆ ಮೂರನೆಯ ಹಾಡಿಗೆ ಹಾಲಿನ ಪಾತ್ರೆ ಇಳಿಸುತ್ತಾರೆ.

ಅವಳು ಹಾಡುವುದು ಸಂಗೀತದ ಹುಚ್ಚಿಗಲ್ಲ. ಬಚ್ಚಲಿನ ಬಾಗಿಲಿಗೆ ಚಿಲಕವಿಲ್ಲ, ಅದಕ್ಕೆ.

ನಾಲ್ಕು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಜ್ವರದಲ್ಲಿ ಫಿಟ್ಸ್ ಬಂತು. ಬಂದದ್ದು ನಿಲ್ಲಲೇ ಇಲ್ಲ. ಅಪ್ಪ ಬಸ್ ಡಿಪೋದಲ್ಲಿ ಟೈಂಕೀಪರ್. ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆದಿಡುವುದೇ ಅವರ ಕೆಲಸ. ಆಸ್ಪತ್ರೆಯಲ್ಲಿ ಡಾಕ್ಟರು "ಎಷ್ಟು ಹೊತ್ತಿಂದ?" ಎಂದಾಗ ಬೇರೆ ಯಾರಾದರೂ "ತುಂಬಾ ಹೊತ್ತಾಯ್ತು" ಎನ್ನುತ್ತಿದ್ದರು. ಇವರು "ಐವತ್ತೆರಡು ನಿಮಿಷ" ಎಂದರು. ಔಷಧ ಏರಿಸಿ ಅದು ನಿಂತಾಗ ಅರವತ್ತೈದಾಗಿತ್ತು.

ಮುಂದೆ ಏನಾಗುತ್ತದೆ ಎಂದು ಅಪ್ಪ ಕೇಳಿದರು. "ಕೆಲವು ಮಕ್ಕಳು ಏನೂ ಆಗೇ ಇಲ್ಲ ಅನ್ನೋ ಹಾಗೆ ಬೆಳೀತಾರೆ. ಕೆಲವರಿಗೆ ಕಲಿಯೋದು ನಿಧಾನ. ಕೆಲವರಿಗೆ ಫಿಟ್ಸ್ ಮತ್ತೆ ಮತ್ತೆ ಬರುತ್ತೆ. ನಿಮ್ಮ ಮಗು ಹೇಗೆ ಅಂತ ಈಗಲೇ ಹೇಳೋಕಾಗಲ್ಲ, ಕಾದು ನೋಡ್ಬೇಕು" ಎಂದರು ಡಾಕ್ಟರು. ವೇಳಾಪಟ್ಟಿ ಇಲ್ಲದ ಉತ್ತರ ಟೈಂಕೀಪರ್ ಗಂಟಲಲ್ಲಿ ಇಳಿಯಲಿಲ್ಲ.

ಹುಡುಗಿ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಪಾಲು ತೆಗೆದುಕೊಂಡಳು. ಕಲಿತ ಮಾತೆಲ್ಲ ಮರೆತುಹೋಯಿತು. ಎಡಗೈ ಹಿಡಿತ ಸಡಿಲವಾಯಿತು. ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಫಿಟ್ಸ್ ಬಂದು ಹೋಗುತ್ತಿತ್ತು. ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಹಾಡಿ ಹಾಡಿ ಸುಸ್ತಾದ ಒಂದು ದಿನ ಮಗು ರಾಗ ಹಿಡಿದು ಗುನುಗಿತು. ಮಾತಿಗಿಂತ ಮೊದಲು ಹಾಡು ವಾಪಸ್ಸು ಬಂತು. ಹಾಗೆ ಬಂದ ಹಾಡನ್ನು ಬಿಡಲು ಅಜ್ಜಿಗೆ ಮನಸ್ಸಾಗಲಿಲ್ಲ.

ಬಾಗಿಲು ಹಾಕಿಕೊಂಡು ಒಬ್ಬಳೇ ಸ್ನಾನ ಮಾಡುವುದು ಬೇಡ ಎಂದು ಡಾಕ್ಟರು ಹೇಳಿದ ದಿನವೇ ಅಪ್ಪ ಚಿಲಕ ಬಿಚ್ಚಿದ್ದರು. ಎಂಟು ವರ್ಷವಾಗಿ, ಅಮ್ಮ ಒಳಗೆ ನಿಂತರೆ ಹುಡುಗಿ ನಾಚಿಕೊಳ್ಳತೊಡಗಿದಾಗ ಅಜ್ಜಿ ಪಂಚಾಯಿತಿ ಮುಗಿಸಿದಳು: "ಒಳಗೆ ಹಾಡ್ತಾ ಇರು ಪುಟ್ಟಿ. ಹಾಡು ನಿಂತ್ರೆ ಮಾತ್ರ ನಾವು ಬರ್ತೀವಿ." ಅಂದಿನಿಂದ ಬಚ್ಚಲಿನ ಹೊರಗೆ ಅಪ್ಪನ ಕುರ್ಚಿ ಬಿತ್ತು.

ಚಿಲಕವಿಲ್ಲವೆಂದ ಮೇಲೆ ಮನೆಗೆ ಬಂದವರೆಲ್ಲ ಹಾಡಬೇಕು. ನಗುವುದೆಂದರೆ ತಲೆನೋವು ಎನ್ನುವಂಥ ಸೋದರಮಾವನಿಗೆ ಒಂದು ಹಾಡೂ ಬರುತ್ತಿರಲಿಲ್ಲ. ಪಾಪ, ಹದಿಮೂರರ ಮಗ್ಗಿ ಹೇಳಿಕೊಂಡು ಸ್ನಾನ ಮಾಡಿದ. ಹದಿಮೂರೇಳ್ಲ ಎಂಬತ್ತೊಂಬತ್ತು ಎಂದಾಗ ಮೇಲಿನ ಕಿಟಕಿಯಿಂದ ಮೇಷ್ಟ್ರ ದನಿ "ತೊಂಬತ್ತೊಂದು" ಎಂದು ತಿದ್ದಿತು. ಮಾವ ಆಮೇಲೆ ಆ ಮನೆಗೆ ಸ್ನಾನ ಮುಗಿಸಿಕೊಂಡೇ ಬರುತ್ತಿದ್ದ.

ಹುಡುಗಿ ಹತ್ತನೆಯ ತರಗತಿಯನ್ನು ಮೂರನೆಯ ಸಲಕ್ಕೆ ದಾಟಿ, ಡಿಪೋದಲ್ಲಿ ಬಸ್ಸಿನ ಸೀಟು ಹೊಲಿಯುವ ಶೆಡ್ಡಿಗೆ ಸೇರಿದಳು. ರೆಕ್ಸಿನ್ನಿನ ಯಾವ ತುಂಡು ಎಲ್ಲಿಗೆ ಎಂಬುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಪ್ರತಿ ತುಂಡಿನ ಹಿಂದೆ ಸೀಮೆಸುಣ್ಣದಲ್ಲಿ ನಂಬರು ಬರೆದಳು. ಎಡಗೈ ಜಾರಿದ ಕಡೆ ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿದಳು. ಮೊದಲು ನಕ್ಕ ಮೇಸ್ತ್ರಿ, ಒಂದು ತಿಂಗಳು ಅವಳ ಕೆಲಸದಲ್ಲಿ ಒಂದೂ ತಪ್ಪು ಸಿಗದೆ ಹೋದಾಗ, ಮರುದಿನ ಎಲ್ಲರಿಗೂ ಸೀಮೆಸುಣ್ಣ ಹಂಚಿದ. ಹಾಡಿನ ಸಾಲುಗಳೂ ಅವಳಿಗೆ ನೆನಪಿರುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಕಟ್ಟಿ ಹಾಡುತ್ತಿದ್ದಳು: ಏಳನೇ ಸೀಟು ಹರಿದೋಯ್ತು, ಎಂಟನೇ ಸೀಟು ನಗ್ತಾ ಇತ್ತು.

ಕೊನೆಯ ಫಿಟ್ಸ್ ಬಂದದ್ದು ಹದಿನೇಳಕ್ಕೆ. ಈಗ ಅವಳಿಗೆ ಇಪ್ಪತ್ತೆಂಟು. ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಪೂರ್ತಿ ಬಿಡಿಸಿ, ಎರಡು ವರ್ಷ ಕಾದ ಮೇಲೆ ಡಾಕ್ಟರು ಇನ್ನು ಬರುವುದು ಬೇಡ ಎಂದರು.

"ಚಿಲಕ ಹಾಕ್ಕೋಬಹುದಾ?" ಎಂದು ಕೇಳಿದಳು.

"ಧಾರಾಳವಾಗಿ. ಆದ್ರೆ ಮತ್ತೆ ಬರೋದೇ ಇಲ್ಲ ಅಂತ ಯಾರೂ ಬರ್ಕೊಡೋಕಾಗಲ್ಲ."

ಅಪ್ಪನಿಗೆ ಕೇಳಿಸಿದ್ದು ಎರಡನೆಯ ಮಾತು ಮಾತ್ರ.

ಒಂದು ವಾರ ಕಳೆಯಿತು. "ಹಾಡೋ ಗಡಿಬಿಡೀಲಿ ಬೆನ್ನಿಗೆ ಸೋಪು ಹಚ್ಚಿದ್ನೋ ಇಲ್ವೋ ಅಂತಾನೇ ಮರ್ತೋಗುತ್ತೆ ಅಮ್ಮ. ಒಂದೇ ಒಂದು ದಿನ ಬಾಯಿ ಮುಚ್ಕೊಂಡು ಸ್ನಾನ ಮಾಡ್ಬೇಕು" ಎಂದಳು. "ನಿನ್ನ ಬಾಯಿ ಮುಚ್ಚಿದ್ರೆ ನಮಗೂ ಸುಖವೇ. ನಿಮ್ಮಪ್ಪನ್ನ ಕೇಳು" ಎಂದಳು ಅಮ್ಮ. ಅಂಗಡಿಯಿಂದ ಹೊಸ ಚಿಲಕ ತಂದು ಹಾಕುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಸೀಟು ಬಿಗಿಯುವ ಸ್ಕ್ರೂಡ್ರೈವರು ಅವಳ ದಿನದ ಸಂಗಾತಿ. ಆದರೆ ಅಪ್ಪ ಬಿಚ್ಚಿದ್ದನ್ನು ಅಪ್ಪನೇ ಕೊಡಬೇಕು ಎಂಬ ಹಟ ಅವಳದು. ಅವರು ಕೊಡದಿದ್ದರೆ, ಅವರ ಲೆಕ್ಕದಲ್ಲಿ ತಾನಿನ್ನೂ ಆ ಮಧ್ಯಾಹ್ನದ ಮಗುವೇ. ಶನಿವಾರ ರಾತ್ರಿ ಅವರನ್ನೇ ಕೇಳಿದಳು.

ಭಾನುವಾರ ಅಪ್ಪ ಬೀರುವಿನ ಮೇಲಿಂದ ಹಳೆಯ ಬಿಸ್ಕತ್ತಿನ ಡಬ್ಬ ಇಳಿಸಿದರು. ಒಳಗೆ ಬಟ್ಟೆಯಲ್ಲಿ ಸುತ್ತಿದ ಚಿಲಕ, ನಾಲ್ಕು ಸ್ಕ್ರೂ. ಇಪ್ಪತ್ತನಾಲ್ಕು ವರ್ಷದ ಕಬ್ಬಿಣ ಥಳಥಳ ಹೊಳೆಯುತ್ತಿತ್ತು.

"ವರ್ಷಕ್ಕೊಂದ್ಸಲ ಎಣ್ಣೆ ಹಾಕ್ತಿದ್ದೆ" ಎಂದರು. "ತುಕ್ಕು ಹಿಡಿಯೋಕೆ ಬಿಟ್ರೆ ಇನ್ನು ಬೇಕಾಗೋದೇ ಇಲ್ಲ ಅಂತ ಒಪ್ಕೊಂಡ ಹಾಗಲ್ವಾ."

ಅವಳು ಸ್ಕ್ರೂಡ್ರೈವರು ತಂದಳು. ಹಳೆಯ ತೂತುಗಳು ಸಡಿಲಾಗಿದ್ದವು. ಬೆಂಕಿಕಡ್ಡಿ ಚೂರು ತುರುಕಿ ಅಪ್ಪ ಚಿಲಕ ಹಿಡಿದರು, ಮಗಳು ಸ್ಕ್ರೂ ತಿರುಗಿಸಿದಳು.

ಸೋಮವಾರ ಆರೂವರೆಗೆ ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಬಾಯಿ ಮುಚ್ಚಿಕೊಂಡಳು. ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು ಇಷ್ಟು ಚೆಂದವೆಂದು ಅವಳಿಗೆ ಗೊತ್ತೇ ಇರಲಿಲ್ಲ. ತಂಬಿಗೆಯಿಂದ ನೀರು ಹುಯ್ದುಕೊಂಡು, ಯಾವ ಹಾಡನ್ನೂ ಕಟ್ಟದೆ, ಸುಮ್ಮನೆ ಕೂತಳು.

ಅಷ್ಟರಲ್ಲಿ ಮೇಲಿನಿಂದ ಯಾರೋ ಪೈಪು ಬಡಿದರು. ಮೆಟ್ಟಿಲ ಮೇಲೆ ದಡದಡ ಸದ್ದು. ಎಲ್ಲಿಂದಲೋ ಹಾಲು ಉಕ್ಕಿ ಸೀದ ವಾಸನೆ. ಮನೆಯ ಬಾಗಿಲು ತೆರೆದುಕೊಂಡಿತು.

"ರೇಡಿಯೋ ನಿಂತೋಗಿದೆ" ಎನ್ನುತ್ತಿದ್ದರು ಅತ್ತೆ, ಏದುಸಿರು ಬಿಡುತ್ತಾ. "ಮಗು ಒಳಗೇನಾಯ್ತೋ ನೋಡಿ, ಬಾಗಿಲು ಒಡೀರಿ."

ಮೇಷ್ಟ್ರ ಒಂದೇ ಕಾಲಿನ ಷೂ ಟಕ್ ಟಕ್ ಎನ್ನುತ್ತ ಬಚ್ಚಲಿನತ್ತ ಬಂತು. ಒಂದೇ ಕಾಲಿನ ಷೂ ಟಕ್ ಟಕ್ ಎನ್ನುತ್ತ ಬಚ್ಚಲಿನತ್ತ ಬಂತು.

ಇಪ್ಪತ್ತು ವರ್ಷದ ಅಭ್ಯಾಸ. ಹಾಡಲು ಅವಳ ಬಾಯಿ ತಾನಾಗಿ ತೆರೆಯಿತು. ಆಗ ಹೊರಗೆ ಕುರ್ಚಿ ಸರಿದ ಸದ್ದಾಯಿತು. ಬಾಗಿಲಿಗೆ ಯಾರೋ ಬೆನ್ನು ಕೊಟ್ಟು ನಿಂತಂತೆ ಹಲಗೆ ಕಿರುಗುಟ್ಟಿತು.

"ಯಾರೂ ಬಾಗಿಲು ಮುಟ್ಬೇಡಿ" ಎಂದರು ಅಪ್ಪ.

"ಅಲ್ಲ ಸ್ವಾಮಿ, ಏಳು ನಿಮಿಷದಿಂದ ಸದ್ದೇ ಇಲ್ಲ" ಎಂದರು ಮೇಷ್ಟ್ರು.

"ಎಂಟೂವರೆ" ಎಂದರು ಅಪ್ಪ. "ನನ್ನ ಮಗಳು ಸ್ನಾನ ಮಾಡ್ತಿದ್ದಾಳೆ. ಮುಗಿದ ಮೇಲೆ ಬರ್ತಾಳೆ."

ಒಳಗೆ ಅವಳು ತೆರೆದ ಬಾಯಿ ಮುಚ್ಚಿ, ಕಣ್ಣು ಒರೆಸಿಕೊಂಡು, ನಿಧಾನವಾಗಿ ಬೆನ್ನಿಗೆ ಸೋಪು ಹಚ್ಚಿಕೊಂಡಳು.